ಕುಡಿಯುವವರಿಲ್ಲದ ಹಾಲು

ಹೆರಿಗೆಯಾದ ಎರಡನೆಯ ಇಲ್ಲವೇ ಮೂರನೆಯ ದಿನ ಎದೆ ಬಿಗಿಯತೊಡಗುತ್ತದೆ. ಚರ್ಮ ಮಿರುಗುವಷ್ಟು ಊದಿಕೊಳ್ಳುತ್ತದೆ. ಮುಟ್ಟಿದರೆ ಬಿಸಿ, ಮಗ್ಗುಲು ಬದಲಿಸಿದರೆ ನೋವು. ತೊಟ್ಟಿಲಲ್ಲಿ ಮಗುವಿದ್ದರೆ ಇದು ಹಿಗ್ಗಿನ ಸಂಗತಿ. ಹಾಲು ಇಳಿಯಿತೆಂದು ಮನೆಯ ಹಿರಿಯರು ನಿಟ್ಟುಸಿರು ಬಿಡುತ್ತಾರೆ, ಇನ್ನಷ್ಟು ಹಾಲಾಗಲೆಂದು ಬಾಣಂತಿಯ ತಟ್ಟೆಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಬೀಳುತ್ತವೆ. ಮಗು ಹೊಟ್ಟೆಯಲ್ಲೇ ತೀರಿಕೊಂಡಿದ್ದರೆ, ಅಥವಾ ಹುಟ್ಟಿ ಒಂದು ದಿನ ಉಸಿರಾಡಿ ಹೋಗಿದ್ದರೆ?

ಆಗಲೂ ಹಾಲು ಇಳಿಯುತ್ತದೆ. ಅದೇ ದಿನ, ಅದೇ ಬಿಗಿತದಿಂದ.

ಇದರ ಕಾರಣವನ್ನು ಇಂದಿನ ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳಬಲ್ಲದು. ಬಸಿರಿನ ನಡುಭಾಗದಿಂದಲೇ, ಹೆಚ್ಚುಕಡಿಮೆ 16ನೇ ವಾರದ ಹೊತ್ತಿಗೆ, ಸ್ತನದ ಗ್ರಂಥಿಗಳು ಹಾಲಿಗೆ ಅಣಿಯಾಗಿರುತ್ತವೆ. ಹೊರಬರದಂತೆ ಅದನ್ನು ತಡೆದು ಹಿಡಿದಿರುವುದು ಪ್ರೊಜೆಸ್ಟೆರಾನ್ ಹಾರ್ಮೋನು. ಮಾಸು ಕಳಚಿ ಬಿದ್ದೊಡನೆ ಆ ಹಾರ್ಮೋನು ಕುಸಿಯುತ್ತದೆ, ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ನಿನ ಕೈ ಮೇಲಾಗುತ್ತದೆ. ಮಗು ಬದುಕಿದೆಯೇ ಎಂಬುದು ಈ ಲೆಕ್ಕದೊಳಗೆ ಎಲ್ಲೂ ಬರುವುದಿಲ್ಲ. ಹಾಗಾಗಿ ಐದಾರು ತಿಂಗಳಿಗೆ ಬಸಿರು ಕಳೆದುಕೊಂಡ ಹೆಂಗಸಿಗೂ ಹಾಲು ಬರಬಹುದು. ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಈ ಮಾತನ್ನು ಯಾರೂ ಹೇಳಿರದಿದ್ದರೆ ಅವಳು ಬೆಚ್ಚಿಬೀಳುತ್ತಾಳೆ. ರವಿಕೆ ಒದ್ದೆಯಾದಾಗ ಅವಳ ಮನಸ್ಸಿನಲ್ಲಿ ಏಳುವ ಪ್ರಶ್ನೆ ವೈದ್ಯಕೀಯದ್ದಷ್ಟೇ ಆಗಿರುವುದಿಲ್ಲ. ಯಾರಿಗಾಗಿ ಬಂತು ಈ ಹಾಲು? ಇದನ್ನು ಬತ್ತಿಸಿದರೆ ಪಾಪವೇ?

ನಮ್ಮ ಹಳೆಯ ಗ್ರಂಥಗಳಲ್ಲಿ ಉತ್ತರ ಹುಡುಕಿದರೆ ಮೊದಲು ಸಿಗುವುದು ನೆಮ್ಮದಿಯ ಮಾತಲ್ಲ. ಮಗುವಿನ ಮೇಲಿನ ಎಡೆಬಿಡದ ಸ್ನೇಹವೇ ಹಾಲು ಹರಿಯಲು ಕಾರಣ ಎನ್ನುತ್ತದೆ ಸುಶ್ರುತ ಸಂಹಿತೆ. ಮಗುವನ್ನು ನೋಡಿದರೆ, ಮುಟ್ಟಿದರೆ, ನೆನೆದರೂ ಸಾಕು, ಹಾಲು ಜಿನುಗುತ್ತದೆ. ಸಿಟ್ಟು, ದುಃಖ, ವಾತ್ಸಲ್ಯದ ಕೊರತೆ ಇವುಗಳಿಂದ ಹಾಲು ನಾಶವಾಗುತ್ತದೆ ಎಂದೂ ಅದೇ ಗ್ರಂಥ ಹೇಳುತ್ತದೆ. ಇದರಲ್ಲಿ ಅರ್ಧ ಸತ್ಯವನ್ನು ಆ ವೈದ್ಯರು ಬಹಳ ಸೂಕ್ಷ್ಮವಾಗಿಯೇ ಕಂಡಿದ್ದರು. ಗ್ರಂಥಿಯಲ್ಲಿ ತುಂಬಿದ ಹಾಲನ್ನು ಹೊರಗೆ ತಳ್ಳುವುದು ಆಕ್ಸಿಟೋಸಿನ್ ಹಾರ್ಮೋನು. ಮಗುವಿನ ಅಳು ಕಿವಿಗೆ ಬಿದ್ದರೆ ಅದು ಚಿಮ್ಮುತ್ತದೆ, ಆತಂಕವಾದರೆ ಹಿಂಜರಿಯುತ್ತದೆ. ಆದರೆ ಹಾಲು ತಯಾರಾಗುವುದು ಬೇರೆಯೇ ಕ್ರಿಯೆ, ಅದು ಶೋಕವನ್ನು ಲೆಕ್ಕಿಸದೆ ಶುರುವಾಗುತ್ತದೆ. ಪ್ರೀತಿಯೇ ಹಾಲು ಎಂಬ ಸಮೀಕರಣವನ್ನು ಮಗು ಕಳೆದುಕೊಂಡವಳ ಮುಂದಿಟ್ಟರೆ ಅದು ಎರಡೂ ಕಡೆಯಿಂದ ಕೊಯ್ಯುತ್ತದೆ. ಹಾಲು ಉಕ್ಕಿದರೆ ದುಃಖ ಸಾಲದೇ ಹೋಯಿತೇ ಎಂಬ ಅಳುಕು, ತಾನೇ ಬತ್ತಿಸಿಕೊಂಡರೆ ಪ್ರೀತಿ ಸಾಲದೇ ಹೋಯಿತೇ ಎಂಬ ಅಳುಕು.

ಆದರೂ ಇದೇ ಸಮೀಕರಣದ ಮೇಲೆ ಎಷ್ಟು ಕಥೆಗಳು ನಿಂತಿವೆ! ಶ್ವೇತಾಂಬರ ಜೈನರ ಭಗವತೀ ಸೂತ್ರದಲ್ಲಿ ಬ್ರಾಹ್ಮಣಿ ದೇವಾನಂದೆ ಮಹಾವೀರನನ್ನು ಕಂಡೊಡನೆ ಅವಳ ಎದೆಯಲ್ಲಿ ಹಾಲು ಒಸರುತ್ತದೆ. ಇವಳು ನನ್ನ ತಾಯಿ, ನಾನು ಮೊದಲು ನೆಲೆಸಿದ್ದು ಇವಳ ಗರ್ಭದಲ್ಲಿ ಎಂದು ಮಹಾವೀರ ಶಿಷ್ಯ ಗೌತಮನಿಗೆ ತಿಳಿಸುತ್ತಾನೆ. ಭಾಗವತದ ದಶಮ ಸ್ಕಂಧದಲ್ಲಿ ಬರುವ ದೇವಕಿಯ ಕಥೆ ಇದಕ್ಕಿಂತ ಆಳವಾಗಿ ನಾಟುತ್ತದೆ. ಕೃಷ್ಣನ ಬಾಲಲೀಲೆ ಎಂದೊಡನೆ ಎಲ್ಲರಿಗೂ ಯಶೋದೆ, ಪೂತನಿ ನೆನಪಾಗುತ್ತಾರೆ, 85ನೇ ಅಧ್ಯಾಯ ನೆನಪಾಗುವುದು ಅಪರೂಪ. ಕಂಸ ಕೊಂದ ಆರು ಮಕ್ಕಳನ್ನು ಒಮ್ಮೆ ನೋಡಬೇಕೆಂದು ದೇವಕಿ ಮುಪ್ಪಿನ ಹೊತ್ತಿನಲ್ಲಿ ಕೃಷ್ಣ ಬಲರಾಮರನ್ನು ಬೇಡುತ್ತಾಳೆ. ಅವರು ಬಲಿಯ ಸುತಲ ಲೋಕಕ್ಕೆ ಹೋಗಿ ಆ ಕೂಸುಗಳನ್ನು ಕರೆತರುತ್ತಾರೆ. ಮಕ್ಕಳನ್ನು ಕಂಡದ್ದೇ ತಡ, ಅವಳ ಎದೆ ಹಾಲಾಗುತ್ತದೆ. ಮಡಿಲಿಗೆ ಎಳೆದುಕೊಂಡು, ನೆತ್ತಿ ಮೂಸಿ, ಮೊಲೆಯೂಡಿಸುತ್ತಾಳೆ. ಕುಡಿದ ಮಕ್ಕಳು ಶಾಪ ಕಳೆದು ದೇವಲೋಕಕ್ಕೆ ಹೊರಟುಹೋಗುತ್ತಾರೆ. ಕುಡಿಯುವವರಿಲ್ಲದ ಹಾಲಿನ ಸಂಕಟ ಪುರಾಣಕಾರನಿಗೆ ಗೊತ್ತಿತ್ತು. ಅವನ ಬಳಿ ಇದ್ದ ಪರಿಹಾರ ಮಾತ್ರ ಪವಾಡ.

ಬೌದ್ಧರ ಸಂಯುತ್ತ ನಿಕಾಯದಲ್ಲಿ ಎರಡು ಸುತ್ತಗಳು ಅಕ್ಕಪಕ್ಕದಲ್ಲೇ ಇವೆ, ಒಂದು ಕಣ್ಣೀರಿನದು, ಮತ್ತೊಂದು ತಾಯಿಯ ಹಾಲಿನದು. ಜನ್ಮಜನ್ಮಾಂತರಗಳಲ್ಲಿ ಸುರಿಸಿದ ಕಣ್ಣೀರು ಹೆಚ್ಚೋ, ನಾಲ್ಕು ಸಮುದ್ರಗಳ ನೀರು ಹೆಚ್ಚೋ ಎಂದು ಬುದ್ಧ ಭಿಕ್ಷುಗಳನ್ನು ಕೇಳುತ್ತಾನೆ. ಕುಡಿದ ಹಾಲಿನ ಬಗ್ಗೆಯೂ ಅದೇ ಪ್ರಶ್ನೆ. ಅಲ್ಲಿ ಲೆಕ್ಕಕ್ಕೆ ಬರುವುದು ಕುಡಿದ ಹಾಲು. ಬಟ್ಟೆಗೆ ಸೋರಿ ಒಣಗಿದ ಹಾಲು ಯಾವ ಸಮುದ್ರಕ್ಕೂ ಸೇರಲಿಲ್ಲ.

ಇನ್ನು ಕರ್ಮಕಾಂಡ. ಎರಡು ವರ್ಷ ತುಂಬದ ಮಗು ಸತ್ತರೆ ಊರ ಹೊರಗೆ ಹೂಳಬೇಕು, ಅಗ್ನಿಸಂಸ್ಕಾರವಿಲ್ಲ, ಜಲತರ್ಪಣವಿಲ್ಲ ಎನ್ನುತ್ತದೆ ಮನುಸ್ಮೃತಿ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೂಸುಗಳನ್ನು ಹೂಳುವುದೇ ವಾಡಿಕೆ. ಮಗುವಿಗೆ ಪಾಪದ ಹೊರೆ ಇಲ್ಲ, ದೊಡ್ಡ ಕ್ರಿಯೆ ಬೇಕಿಲ್ಲ ಎಂಬ ಕರುಣೆ ಇದರ ಹಿಂದೆ ಇರಬಹುದು. ಆದರೆ ತಾಯಿಯ ಪಾಲಿಗೆ ಏನು ಉಳಿಯಿತು? ಗಂಡಸರು ಗುಂಡಿ ಮುಚ್ಚಿ ಬಂದು ತಲೆಗೆ ನೀರು ಹಾಕಿಕೊಂಡರೆ ಅವರ ಮಟ್ಟಿಗೆ ಮುಗಿಯಿತು. ಅವಳ ಮೈಯಲ್ಲಿ ಅದು ಮೂರನೆಯ ದಿನಕ್ಕೆ ಆರಂಭವಾಗುತ್ತದೆ. ಶಾಸ್ತ್ರ ಕೈಬಿಟ್ಟ ಈ ಜಾಗದಲ್ಲಿ ಧರ್ಮ ಎಂಬುದು ಇರಬೇಕಾದರೆ ಅದು ಆ ನೋವನ್ನು ಇಳಿಸುವ ಕೈಗಳಲ್ಲೇ ಇರಬೇಕು.

ಅಂಥ ಕೈಗಳು ದಕ್ಷಿಣ ಭಾರತದಲ್ಲಿ ಮಲ್ಲಿಗೆಯನ್ನು ಹಿಡಿದಿದ್ದವು. ಕಟ್ಟಿದ ಮಲ್ಲಿಗೆಯ ದಂಡೆಯನ್ನು ಎದೆಯ ಮೇಲಿಟ್ಟರೆ ಹಾಲು ಹಿಂಗುತ್ತದೆ ಎಂಬುದು ಹಳೆಯ ಮನೆಮದ್ದು. ಇದನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ನಗೆಯಾಡಿ ಬಿಡಲಿಲ್ಲ. ಒಂದು ಗುಂಪಿನ ಬಾಣಂತಿಯರಿಗೆ ಮಲ್ಲಿಗೆ, ಇನ್ನೊಂದು ಗುಂಪಿಗೆ ಆಗ ಬಳಕೆಯಲ್ಲಿದ್ದ ಬ್ರೊಮೊಕ್ರಿಪ್ಟಿನ್ ಮಾತ್ರೆ ಕೊಟ್ಟು ಹೋಲಿಸಿದರು. 1988ರಲ್ಲಿ ಫಲಿತಾಂಶ ಪ್ರಕಟವಾಯಿತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚು ಇಳಿದದ್ದು ಮಾತ್ರೆಯಿಂದ, ಆದರೆ ಎದೆಯ ಬಿಗಿತ, ಹಾಲಿನ ಪ್ರಮಾಣ, ನೋವಿನ ಮಾತ್ರೆಯ ಅಗತ್ಯ ಇವುಗಳಲ್ಲಿ ಮಲ್ಲಿಗೆ ಹಿಂದೆ ಬೀಳಲಿಲ್ಲ. ಅಧ್ಯಯನ ಚಿಕ್ಕದೇ. ಬ್ರೊಮೊಕ್ರಿಪ್ಟಿನ್ ಪಡೆದ ಕೆಲವು ಬಾಣಂತಿಯರಲ್ಲಿ ಪಾರ್ಶ್ವವಾಯು, ಸೆಳವು, ಹೃದಯಾಘಾತ ವರದಿಯಾಗಿ 1994ರಲ್ಲಿ ಅಮೆರಿಕದಲ್ಲಿ ಈ ಉದ್ದೇಶಕ್ಕೆ ಅದರ ಬಳಕೆ ನಿಂತಿತು. ಈಗ ಮಾತ್ರೆ ಬೇಕಾದರೆ ವೈದ್ಯರು ಸಾಮಾನ್ಯವಾಗಿ ಆರಿಸುವುದು ಕ್ಯಾಬರ್ಗೋಲಿನ್, ಅದನ್ನೂ ರಕ್ತದೊತ್ತಡ ನೋಡಿಯೇ ಕೊಡಬೇಕು. ಮನೆಯಲ್ಲಿ ಸೂತಕವಿದ್ದಾಗ ದೇವರಿಗೆ ಹೂವು ಏರುವುದಿಲ್ಲ. ಅದೇ ಹೊತ್ತಿನಲ್ಲಿ ದೇವರ ಮುಡಿಗೇರುವ ಹೂವನ್ನು ಸೂತಕದ ಹೆಂಗಸಿನ ಎದೆಗೆ ತಂದಿಟ್ಟ ಅಜ್ಜಿಯರ ನಡತೆಯಲ್ಲಿ, ಯಾವ ಸ್ಮೃತಿಯೂ ಬರೆಯದ ಒಂದು ವಿಧಿ ಇತ್ತು.

ಮಾತ್ರೆಯಿಲ್ಲದೆಯೂ ಹೆಚ್ಚಿನವರಲ್ಲಿ ಹಾಲು ತಾನಾಗಿ ಹಿಂಗುತ್ತದೆ. ತೆಗೆಯದೆ ಬಿಟ್ಟ ಹಾಲೇ ಮುಂದಿನ ಹಾಲನ್ನು ತಡೆಯುತ್ತದೆ. ತೀವ್ರ ನೋವು ಕೆಲವು ದಿನಗಳದ್ದು, ಸೋರುವುದು ಪೂರ್ತಿ ನಿಲ್ಲಲು ವಾರಗಳು ಬೇಕಾಗಬಹುದು. ಎದೆಗೆ ಆಧಾರ ಕೊಡುವ ಒಳಉಡುಪು ಹಗಲೂ ರಾತ್ರಿಯೂ ಬೇಕು. ಸೀರೆಯ ಅಂಚಿನಿಂದ ಬಿಗಿದು ಕಟ್ಟುವ ಹಳೆಯ ಕ್ರಮ ಮಾತ್ರ ಬೇಡ, ಅದರಿಂದ ನೋವು ಹೆಚ್ಚುತ್ತದೆ, ಹಾಲಿನ ನಾಳ ಕಟ್ಟಿಕೊಳ್ಳಬಹುದು. ತಣ್ಣೀರ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ತಣ್ಣಗೆ ಮಾಡಿದ ಕೋಸಿನ ಎಲೆ ಹಲವರಿಗೆ ಹಿತ ಕೊಡುತ್ತವೆ. ನೋವಿಗೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ಇಲ್ಲವೇ ಐಬುಪ್ರೊಫೆನ್. ಬಿಗಿತ ತಾಳಲಾರದಾದಾಗ ಕೈಯಿಂದ ತುಸುವೇ ಹಿಂಡಬಹುದು, ಬರಿದಾಗುವಷ್ಟು ಹಿಂಡಿದರೆ ಹಾಲು ಮತ್ತೆ ಕೂಡುತ್ತದೆ. ಬಿಸಿನೀರಿನ ಶಾಖ, ಜೋರಾಗಿ ತಿಕ್ಕುವುದು ಬೇಡ. ನೀರು ಕುಡಿಯದೆ ಇರುವುದರಿಂದ ಹಾಲು ಬೇಗ ಬತ್ತುವುದಿಲ್ಲ, ಬಾಣಂತಿ ಬಳಲುತ್ತಾಳೆ ಅಷ್ಟೆ.

ಪಾಪದ ಪ್ರಶ್ನೆಗೆ ಮರಳಿದರೆ, ಬತ್ತಿಸುವುದೇ ತಾಯ್ತನವಾಗುವ ಸಂದರ್ಭಗಳೂ ಇವೆ. ಗ್ಯಾಲಕ್ಟೊಸೀಮಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ತೀವ್ರ ರೂಪವಿರುವ ಮಗುವಿಗೆ ತಾಯಿಯ ಹಾಲಿನ ಸಕ್ಕರೆಯೇ ವಿಷವಾಗುತ್ತದೆ. ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುವ ತಾಯಿ ಹಾಲೂಡಿಸುವಂತಿಲ್ಲ. ಕುರಾನಿನ ಎರಡನೆಯ ಅಧ್ಯಾಯ ಪೂರ್ಣಗೊಳಿಸಲು ಬಯಸುವವರಿಗೆ ಎರಡು ವರ್ಷ ಹಾಲೂಡಿಸುವ ಅವಧಿ ಹೇಳಿ, ತಂದೆತಾಯಿ ಸಮಾಲೋಚಿಸಿ ಮೊದಲೇ ಬಿಡಿಸಿದರೆ ತಪ್ಪಿಲ್ಲ ಎಂದು ಅಲ್ಲೇ ಸೇರಿಸುತ್ತದೆ. ಹಾಲನ್ನು ಇಷ್ಟು ಗೌರವಿಸಿದ ಗ್ರಂಥ ನಿಲ್ಲಿಸುವವರ ಮೇಲೆ ದೋಷ ಹೊರಿಸಲಿಲ್ಲ ಎಂಬುದನ್ನು ಎಲ್ಲ ಮತದ ಹಿರಿಯರೂ ಗಮನಿಸಬೇಕು.

ಕೆಲವು ತಾಯಂದಿರು ಬೇರೆ ದಾರಿ ಹಿಡಿಯುತ್ತಾರೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕು ಆರಂಭಿಸಿದರು. ಈಗ ಬೆಂಗಳೂರಿನಲ್ಲೂ ಇಂಥ ಬ್ಯಾಂಕುಗಳಿವೆ. ರಕ್ತಪರೀಕ್ಷೆಯಾದ ತಾಯಂದಿರಿಂದ ಪಡೆದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 30 ನಿಮಿಷ ಕಾಯಿಸಿ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕುಡಿಸುತ್ತಾರೆ. ಮಗು ಕಳೆದುಕೊಂಡವರೂ ಲೋಕದ ಹಲವೆಡೆ ಹೀಗೆ ಹಾಲು ಕೊಟ್ಟಿದ್ದಾರೆ. ಆದರೆ ಇದನ್ನು ಪುಣ್ಯವೆಂದು ಹೇಳಿ ಯಾರ ಮೇಲೂ ಹೇರಬಾರದು. ಹಾಲು ಕೊಡುವುದೆಂದರೆ ಹಾಲು ಬರುತ್ತಲೇ ಇರುವಂತೆ ನೋಡಿಕೊಳ್ಳುವುದು, ಹೊತ್ತುಹೊತ್ತಿಗೆ ಅದೇ ಖಾಲಿತನದ ಮುಂದೆ ಕೂರುವುದು. ಎಲ್ಲರಿಂದ ಆಗುವ ಕೆಲಸವಲ್ಲ ಅದು. ಆಗುವವರೂ ಮುಂದೆ ನಿಲ್ಲಿಸುವಾಗ ಒಮ್ಮೆಗೇ ನಿಲ್ಲಿಸದೆ, ಹಿಂಡುವ ಹೊತ್ತುಗಳ ನಡುವಿನ ಅಂತರವನ್ನು ನಿಧಾನವಾಗಿ ಹಿಗ್ಗಿಸಬೇಕು. ಎದೆಯಲ್ಲಿ ಕೆಂಪು ಪಟ್ಟೆ, ಗಟ್ಟಿ ಗಂಟು, ಚಳಿಜ್ವರ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.