ಹತ್ತು ಹುಣಸೆ, ಒಂದು ಅಶ್ವತ್ಥ

ಮರ ನೆಟ್ಟರೆ ಪುಣ್ಯ ಎಂಬ ಮಾತಿಗೆ ಒಣಭೂಮಿಯಲ್ಲಿ ಒಂದು ತೊಡಕಿದೆ. ಮುಂಗಾರಿನಲ್ಲಿ ನೆಟ್ಟ ಸಸಿ ಶಿವರಾತ್ರಿಯ ಹೊತ್ತಿಗೆ ಒಣಗಿ ಕಡ್ಡಿಯಾದರೆ ಪುಣ್ಯ ಉಳಿಯಿತೋ, ಹೋಯಿತೋ? ಬಾಬಾಬುಡನ್‌ಗಿರಿಯ ಪಡುವಣಕ್ಕೆ, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಈ ಪ್ರಶ್ನೆ ಏಳುವುದೇ ಕಡಿಮೆ. ಅಲ್ಲಿ ಊರಿದ ಹಾಲವಾಣದ ಗೂಟವೂ ಚಿಗುರುತ್ತದೆ. ಮೂಡಣ ಮಗ್ಗುಲು ಮಳೆನೆರಳು. ಗಿರಿಯಲ್ಲಿ ಹುಟ್ಟಿದ ವೇದಾ ಹೊಳೆ ಅಯ್ಯನಕೆರೆಯನ್ನೂ, ಅವತಿ ಹೊಳೆ ಮದಗದ ಕೆರೆಯನ್ನೂ ತುಂಬಿಸಿ, ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುವಷ್ಟರಲ್ಲಿ ಬಯಲುಸೀಮೆ ಶುರುವಾಗಿರುತ್ತದೆ.

ಧರ್ಮಶಾಸ್ತ್ರಗಳು ಪುಣ್ಯಕಾರ್ಯವನ್ನು ಇಷ್ಟ, ಪೂರ್ತ ಎಂದು ಎರಡಾಗಿ ಕಾಣುತ್ತವೆ. ಯಜ್ಞಯಾಗಗಳು ಇಷ್ಟ; ಬಾವಿ, ಕೆರೆ, ತೋಪು ಪೂರ್ತ. ಇಷ್ಟಕ್ಕೆ ಅಧಿಕಾರಿಗಳು ಕೆಲವರೇ, ಪೂರ್ತ ಎಲ್ಲರಿಗೂ ತೆರೆದದ್ದು. ಪೂರ್ತದ ಕೊನೆಗೆ ಉತ್ಸರ್ಗವೆಂಬ ವಿಧಿಯುಂಟು: ಕಟ್ಟಿಸಿದ್ದನ್ನು, ನೆಟ್ಟದ್ದನ್ನು ಸಕಲ ಜೀವಿಗಳಿಗೆ ಬಿಟ್ಟುಕೊಡುವುದು. ಮೆಣಸಿನ ಬಳ್ಳಿಗೆಂದೋ ಮರದ ದಿಮ್ಮಿಗೆಂದೋ ನೆಟ್ಟ ಸಿಲ್ವರ್ ಓಕ್ ಪಾಪವೇನಲ್ಲ, ಆದರೆ ಅದು ಬಂಡವಾಳ, ಪೂರ್ತವಲ್ಲ. ಮತ್ಸ್ಯಪುರಾಣ ಒಂದು ಮರವನ್ನು ಹತ್ತು ಮಕ್ಕಳಿಗೆ ಸಮವೆನ್ನುತ್ತದೆ. ಹೆತ್ತ ಮಾತ್ರಕ್ಕೆ ಸಾಕಿದಂತಾಗದು ಎಂಬುದು ಆ ಹೋಲಿಕೆಯೊಳಗೇ ಇದೆ. ಮಾಗಡಿ ಕಡೆಯ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ, ಮಕ್ಕಳಿಲ್ಲದ ಕೊರಗಿನಲ್ಲಿ ಗಂಡನ ಜೊತೆ ರಸ್ತೆಬದಿಗೆ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಕಾಯ್ದದ್ದು ಈ ಅರ್ಥದಲ್ಲೇ.

ದತ್ತಾತ್ರೇಯರಿಗೂ ಬಾಬಾಬುಡನ್‌ಗೂ ನಡೆದುಕೊಳ್ಳುವವರು ಏರುವ ಗಿರಿಯಾದ್ದರಿಂದ ಇಸ್ಲಾಮಿನ ಮಾತೂ ಇಲ್ಲಿ ಸಲ್ಲುತ್ತದೆ. ಬಾಬಾಬುಡನ್ ಯೆಮನ್‌ನ ಮೋಕಾದಿಂದ ತಂದನೆನ್ನುವ ಏಳು ಕಾಫಿ ಬೀಜಗಳ ಕಥೆಯನ್ನು ಎಲ್ಲರೂ ಬಲ್ಲರು. ಒಂದು ಹದೀಸ್ ಪ್ರಕಾರ, ನೆಟ್ಟ ಗಿಡದಿಂದ ಮನುಷ್ಯ, ಹಕ್ಕಿ, ಪ್ರಾಣಿ ತಿಂದದ್ದೆಲ್ಲ ನೆಟ್ಟವನ ದಾನದ ಲೆಕ್ಕಕ್ಕೆ ಸೇರುತ್ತದೆ. ಕದ್ದು ತಿಂದದ್ದೂ ಅಷ್ಟೆ. ಅಂದರೆ ಮರ ಬದುಕಿ ಹಣ್ಣು ಬಿಡಲೇಬೇಕು. ಇನ್ನೊಂದು ಹದೀಸ್, ಕೈಯಲ್ಲಿ ಸಸಿ ಇರುವಾಗ ಕಿಯಾಮತ್, ಅಂದರೆ ಲೋಕದ ಕೊನೆಯ ದಿನ, ಬಂದರೂ ಸಾಧ್ಯವಾದರೆ ನೆಟ್ಟುಬಿಡು ಎನ್ನುತ್ತದೆ. ಇಲ್ಲಿ ಫಲದ ಮಾತೇ ಇಲ್ಲ, ನೆಡುವುದಷ್ಟೇ. ಎರಡು ಉತ್ತರಗಳೂ ಒಂದೇ ಪರಂಪರೆಯಲ್ಲಿವೆ.

ಇವೆರಡರ ನಡುವಿನ ದಾರಿ ಒಂದು ಹಳೆಯ ಸಂಸ್ಕೃತ ಶ್ಲೋಕದಲ್ಲಿ ಸಿಗುತ್ತದೆ. ಪಾಠಭೇದಗಳಿದ್ದರೂ ತಾತ್ಪರ್ಯ ಇಷ್ಟು: ಒಂದು ಅಶ್ವತ್ಥ, ಒಂದು ಬೇವು, ಒಂದು ಆಲ, ಹತ್ತು ಹುಣಸೆ, ಬೇಲ, ಬಿಲ್ವ, ನೆಲ್ಲಿ ಮೂರು ಮೂರು, ಐದು ಮಾವು ನೆಟ್ಟವನು ನರಕ ಕಾಣುವುದಿಲ್ಲ. ಈ ಪಟ್ಟಿಯನ್ನು ಭಕ್ತಿಯಿಂದ ಓದಿದವರು ಬಹಳ, ಕೃಷಿಕರ ಕಣ್ಣಿನಿಂದ ಓದಿದವರು ಕಡಿಮೆ. ಎಲ್ಲವೂ ಬೇರೂರುವ ತನಕ ಎರಡು ಮೂರು ಬೇಸಿಗೆ ನೀರುಣಿಸಿದರೆ ಆಮೇಲೆ ತಮ್ಮ ಪಾಡಿಗೆ ಬದುಕುವ, ಬಯಲುಸೀಮೆಗೆ ಒಗ್ಗುವ ಮರಗಳು. ಸಂಖ್ಯೆಯಲ್ಲೂ ವಿವೇಕವಿದೆ. ಕಟ್ಟೆಯ ಮೇಲೆ ಮದುವೆ ಮಾಡಿಸುವ ಅಶ್ವತ್ಥ, ಬೇವು ಊರಿಗೊಂದೊಂದು ಸಾಕು. ಹುಣಸೆ ಹತ್ತು ಬೇಕು. ಪಟ್ಟಿ ಮಾಡಿದವನಿಗೆ ಅಡುಗೆಮನೆಯ ಲೆಕ್ಕ ಗೊತ್ತಿತ್ತು. ಹುಣಸೆ ಮರದಲ್ಲಿ ದೆವ್ವವಿದೆಯೆಂದು ಹೆದರುವ ಊರುಗಳೂ ಅದರ ಹುಳಿಯನ್ನು ಬಿಟ್ಟಿಲ್ಲ. ಬೇಲದ ಹಣ್ಣು ರಾಮನವಮಿಯ ಪಾನಕಕ್ಕೆ, ನೆಲ್ಲಿಯ ಕೊಂಬೆ ಉತ್ಥಾನ ದ್ವಾದಶಿಯ ತುಳಸಿಕಟ್ಟೆಗೆ.

ಹೀಗೆ ನೋಡಿದರೆ ಪುಣ್ಯ ಆಯ್ಕೆಯಲ್ಲೇ ಆರಂಭವಾಗುತ್ತದೆ. ನೆಲಕ್ಕೆ ಒಗ್ಗದ್ದನ್ನು ಭಕ್ತಿ ಬದುಕಿಸುವುದಿಲ್ಲ. ದತ್ತಾತ್ರೇಯರ ಔದುಂಬರ, ಅಂದರೆ ಅತ್ತಿ, ಹಳ್ಳದ ಪಸೆ ಬಯಸುವ ಮರ. ಒಣ ದಿಬ್ಬದ ಮೇಲೆ ನೆಟ್ಟರೆ ಸೊರಗುತ್ತದೆ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ; ಹಣ್ಣು ಉದುರಿದ ಹೊಸದರಲ್ಲೇ ಬಿತ್ತಬೇಕು. ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು, ಮಣ್ಣು ಬಿಸಿಲು ಕಾಯಲು ಬಿಟ್ಟು, ಕೆರೆಗೋಡು ಬೆರೆಸಿ, ಒಂದೆರಡು ಹದಮಳೆ ಬಿದ್ದ ಮೇಲೆ ಸಸಿ ಇಡುವುದು ರೂಢಿ.

ಶ್ಲೋಕ ಪೊದೆಗಳನ್ನು ಮರೆತಿದೆ. ಬಯಲಿನಲ್ಲಿ ಮರಕ್ಕೆ ತೊಟ್ಟಿಲಾಗುವುದು ಅವೇ. ಕಾರೆಯ ಮುಳ್ಳಿನ ನಡುವೆ ಮೊಳೆತ ಸಸಿಗೆ ಮೇಕೆಯ ಬಾಯಿ ಎಟುಕದು. ಬುಡದಲ್ಲಿ ತರಗೆಲೆ ಕೊಳೆತು ತಂಪಿರುತ್ತದೆ. ಲಕ್ಕಿ, ತಂಗಡಿಗಳನ್ನು ದನಕರು ಮೂಸಿ ಬಿಟ್ಟುಬಿಡುತ್ತವೆ. ನವಗ್ರಹ ಹೋಮದ ಸಮಿತ್ತುಗಳು ಈ ಮರೆವನ್ನು ಸ್ವಲ್ಪ ತುಂಬಿಕೊಡುತ್ತವೆ: ಸೂರ್ಯನಿಗೆ ಪಾಳುನೆಲದ ಎಕ್ಕ, ಚಂದ್ರನಿಗೆ ಮುತ್ತುಗ, ಕುಜನಿಗೆ ಕಗ್ಗಲಿ, ಶನಿಗೆ ಬನ್ನಿ.

ನೆಡದಿರುವುದೂ ಧರ್ಮವಾಗುವ ಜಾಗಗಳಿವೆ. ಗಿರಿಯ ನೆತ್ತಿಯ ಹುಲ್ಲುಗಾವಲು ಮರ ಕಳೆದುಕೊಂಡು ಬೋಳಾದದ್ದಲ್ಲ. ಶೋಲಾ ಕಾಡು ಕಣಿವೆಯಲ್ಲಿ, ಹುಲ್ಲು ದಿಬ್ಬದಲ್ಲಿ, ಅದು ಅಲ್ಲಿನ ಸಹಜ ರಚನೆ. ಕೆಳಗೆ ಕಡೂರು ತಾಲ್ಲೂಕಿನ ಬಾಸೂರಿನ ಹುಲ್ಲುಗಾವಲಾದ ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಸಕಲ ಜೀವಿಗಳಿಗೆ ಬಿಟ್ಟುಕೊಡುವುದೇ ಪೂರ್ತವಾದರೆ, ಆ ಕಾವಲಿನಲ್ಲಿ ಅಶ್ವತ್ಥವನ್ನೂ ನೆಡುವಂತಿಲ್ಲ. ಅಲ್ಲಿನ ಕೃಷ್ಣಮೃಗಕ್ಕೆ ಬೇಕಿರುವುದು ಬಯಲು ಮತ್ತು ಹುಲ್ಲು.