ಇಂದಿನ ಧಮ್ಮ ಚಿಂತನೆ: ಕೊಡುವ ಕೈ, ಪಡೆಯುವ ಕೈ



ದಾನ ಪಾರಮಿತೆಯ ಬಗ್ಗೆ ಓದುವಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಕೊಡುವವನ ಗುಣವನ್ನು ಎಲ್ಲರೂ ಹೊಗಳುತ್ತಾರೆ. ಪಡೆಯುವವನ ಮಾನದ ಗತಿಯೇನು? ತಲೆಮಾರುಗಳ ಕಾಲ ಮೇಲಿನಿಂದ ಸುರಿದ ನೀರಿಗೆ ಬೊಗಸೆಯೊಡ್ಡಿದ ನಮಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ.

ದೇಶ ದೇಶಗಳ ನಡುವೆಯೂ ಇದೇ ಪ್ರಶ್ನೆ ಇದೆ. ಕ್ಷಯ, ಮಲೇರಿಯಾ, ಏಡ್ಸ್ ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಬಡವರನ್ನು. ಅನೇಕ ಬಡ ದೇಶಗಳಲ್ಲಿ ಔಷಧಿಗೆ ಹೊರಗಿನ ಹಣವೇ ಆಧಾರ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿಯಿತು. ಆಫ್ರಿಕಾದ ಹಲವೆಡೆ ಏಡ್ಸ್ ಕ್ಲಿನಿಕ್‌ಗಳು ಬಾಗಿಲು ಮುಚ್ಚಿದವು. ದಿನವೂ ಮಾತ್ರೆ ನುಂಗಿ ಬದುಕಿದ್ದವರಿಗೆ ಆ ನಿರ್ಧಾರದಲ್ಲಿ ಮಾತೇ ಇರಲಿಲ್ಲ.

2002ರಲ್ಲಿ ಶುರುವಾದ ಗ್ಲೋಬಲ್ ಫಂಡ್‌ನ ಏರ್ಪಾಡು ಬೇರೆ. ಈ ಮೂರು ರೋಗಗಳಿಗಾಗಿಯೇ ಇರುವ ಆ ನಿಧಿಯ ಮಂಡಳಿಯಲ್ಲಿ 20 ಮತಗಳಿವೆ. 10 ಮತ ಹಣ ಕೊಡುವವರ ಕಡೆಗೆ. ಉಳಿದ 10 ಮತ ಬಡ ದೇಶಗಳ ಸರ್ಕಾರಗಳು, ಸ್ವಯಂಸೇವಾ ಸಂಸ್ಥೆಗಳು ಮತ್ತು ಆ ರೋಗಗಳೊಂದಿಗೆ ಬದುಕುತ್ತಿರುವ ಸಮುದಾಯಗಳಿಗೆ. ದಾನಿಗಳಷ್ಟೇ ಸೇರಿ ನಿರ್ಣಯ ಪಾಸು ಮಾಡಲಾಗದು. ಅಲ್ಲಿಂದ ಹಣ ಪಡೆಯುವ ನಮ್ಮ ಭಾರತವೇ 2019ರಲ್ಲಿ ಆ ನಿಧಿಗೆ 2.2 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿತು. ಪಡೆಯುವ ಕೈಯೂ ಕೊಡಬಲ್ಲದು.

ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿನಲ್ಲಿ ಕೇಳಿದ್ದು ಕನಿಕರವನ್ನಲ್ಲ, ಅಧಿಕಾರದಲ್ಲಿ ಪಾಲನ್ನು. ರೋಗಿಗೂ ಒಂದು ಮತ ಎಂಬುದು ಅದೇ ದಾರಿಯ ಹೆಜ್ಜೆ ಎಂದು ನಾನು ತಿಳಿಯುತ್ತೇನೆ.

ಆದರೆ ಮತವೊಂದೇ ಸಾಲದು. ಕೊಡುವವರು ಕೈ ಹಿಂದೆಗೆದರೆ ಸಮಾನ ಮತ ಇದ್ದರೂ ಪೆಟ್ಟಿಗೆ ಖಾಲಿ. ಅಲ್ಲಿ ಧಮ್ಮ ಬೇಕು. ವಿನಯಪಿಟಕದಲ್ಲಿ ಅತಿಸಾರದಿಂದ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಖುವಿನ ಪ್ರಸಂಗವಿದೆ. ಅವನಿಂದ ತಮಗೆ ಉಪಯೋಗವಿಲ್ಲವೆಂದು ಉಳಿದವರು ಅವನತ್ತ ನೋಡಿರಲಿಲ್ಲ. ಭಗವಾನರು ಆನಂದರ ಜೊತೆ ಸೇರಿ ತಾವೇ ಅವನ ಮೈ ತೊಳೆದರು. ಬಳಿಕ ಭಿಕ್ಖುಗಳಿಗೆ, ಇಲ್ಲಿ ನಿಮಗೆ ತಾಯಿತಂದೆಯರಿಲ್ಲ, ನೀವು ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡಿಕೊಳ್ಳುತ್ತಾರೆ ಎಂದು ತಿಳಿಹೇಳಿದರು. ಆರೈಕೆ ಉಪಕಾರವಲ್ಲ, ಒಂದೇ ಸಂಘದವರೆಂಬ ಋಣ. ಲೋಕವನ್ನೇ ಅಂಥ ಸಂಘವೆಂದು ಕಾಣುವುದು ಮೈತ್ರಿ.

ಮೈತ್ರಿಯಿಲ್ಲದ ದಾನ ಯಜಮಾನಿಕೆ. ಮಾತಿನ ಹಕ್ಕು ಕೊಡದ ಮೈತ್ರಿ ಬರೀ ಮಾತು.

ಇಂದಿನ ಅಭ್ಯಾಸ: ಯಾರಿಗಾದರೂ ನೆರವಾಗುವ ಮುನ್ನ, ಏನು ಬೇಕೆಂದು ಅವರನ್ನೇ ಕೇಳೋಣ.

ಸಾಧು, ಸಾಧು, ಸಾಧು. ಜೈ ಭೀಮ್ 💙