ಮುಟ್ಟು ನಿಲ್ಲುವ ವಯಸ್ಸು ಮತ್ತು ಧಾರ್ಮಿಕ ಅಧಿಕಾರದ ಪ್ರಶ್ನೆ

ಸತತ 12 ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎಂದು ವೈದ್ಯಶಾಸ್ತ್ರ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಇದು 45ರಿಂದ 55ರೊಳಗೆ ಆಗುತ್ತದೆ. ಭಾರತದ ಹೆಂಗಸರಲ್ಲಿ ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮೊದಲೇ. ಅಂಡಾಶಯದ ಅಂಡಗಳು ಮುಗಿಯುತ್ತ ಬಂದಂತೆ ಈಸ್ಟ್ರೋಜೆನ್ ಏರುಪೇರಾಗಿ ಕೊನೆಗೆ ಇಳಿದುಹೋಗುತ್ತದೆ. ಮೈಯ ಶಾಖವನ್ನು ಹದದಲ್ಲಿಡುವ ಮೆದುಳಿನ ಕೇಂದ್ರಕ್ಕೆ ಇದರ ಪೆಟ್ಟು ತಗಲುವುದರಿಂದ ಎದೆ, ಕುತ್ತಿಗೆ, ಮುಖಗಳಿಗೆ ಇದ್ದಕ್ಕಿದ್ದಂತೆ ಬಿಸಿ ಏರಿ ಬೆವರು ಕಿತ್ತು ಬರುತ್ತದೆ. ರಾತ್ರಿಯ ಬೆವರಿಗೆ ನಿದ್ದೆ ಕೆಡುತ್ತದೆ. ಎದೆ ಡವಗುಟ್ಟುವುದು, ಸಿಡುಕು, ಬೇಸರ, ಮರೆವು, ಕೀಲುನೋವು, ಯೋನಿ ಒಣಗುವುದು, ಪದೇ ಪದೇ ಮೂತ್ರಕ್ಕೆ ಅವಸರವಾಗುವುದು ಉಳಿದ ಲಕ್ಷಣಗಳು. ಇವು ಮುಟ್ಟು ನಿಲ್ಲುವ ಕೆಲವು ವರ್ಷ ಮೊದಲೇ ಶುರುವಾಗಿ, ನಿಂತ ಮೇಲೂ ವರ್ಷಗಟ್ಟಲೆ ಉಳಿಯಬಹುದು. ಕೆಲವರಿಗೆ ಮಾತ್ರ ಇದೆಲ್ಲ ಗೊತ್ತೇ ಆಗದಂತೆ ಕಳೆದುಹೋಗುತ್ತದೆ.

ಧರ್ಮಗಳು ಇದೇ ಬದಲಾವಣೆಯನ್ನು ಬೇರೆ ಲೆಕ್ಕದಲ್ಲಿ ನೋಡಿವೆ. ಮುಟ್ಟನ್ನು ಮೈಲಿಗೆಯೆಂದು ಎಣಿಸಿದ ಸಂಪ್ರದಾಯಗಳಲ್ಲಿ ಅದು ನಿಂತರೆ ಹೆಂಗಸಿಗೆ ಹೊಸ ಅಧಿಕಾರ ಬರುತ್ತದೆ: ದೇವರ ಕೋಣೆಗೆ ತಡೆಯಿಲ್ಲ, ಮಡಿ ಅಡುಗೆಗೆ ತಿಂಗಳ ಬಿಡುವಿಲ್ಲ, ವ್ರತಕ್ಕೆ ಅಡ್ಡಿಯಿಲ್ಲ. ಭಾದ್ರಪದ ಶುದ್ಧ ಪಂಚಮಿಯ ಋಷಿಪಂಚಮಿ ವ್ರತ ಈ ಎಣಿಕೆಯ ಮೇಲೆಯೇ ನಿಂತಿದೆ. ಮುಟ್ಟಿನ ದಿನಗಳಲ್ಲಿ ತಿಳಿದೋ ತಿಳಿಯದೆಯೋ ಆದ ದೋಷಕ್ಕೆ ಅದು ಪ್ರಾಯಶ್ಚಿತ್ತ. ಮುಟ್ಟು ನಿಂತವರು ಅದನ್ನು ಆಚರಿಸಿ ಉದ್ಯಾಪನೆ ಮಾಡುವ ರೂಢಿ ಹಲವು ಮನೆಗಳಲ್ಲಿದೆ. ಹಾಗಾದರೆ ದೇವರೆದುರು ನಿಲ್ಲುವ ಅರ್ಹತೆ ದೇಹದ ಸ್ಥಿತಿಯಿಂದ ಬರುತ್ತದೆಯೇ ಎಂಬುದು ಇಲ್ಲಿನ ಮೂಲ ಪ್ರಶ್ನೆ.

ಬರುತ್ತದೆ ಎನ್ನುವವರಿಗೆ ಎದುರಾಗುವ ಮೊದಲ ತೊಡಕು ಗಡಿಯದು. ರಜಸ್ಸು 12ನೆಯ ವಯಸ್ಸಿಗೆ ತೊಡಗಿ 50ಕ್ಕೆ ಕ್ಷಯಿಸುತ್ತದೆ ಎಂಬುದು ಸುಶ್ರುತ ಸಂಹಿತೆಯ ಲೆಕ್ಕ. ಶಬರಿಮಲೆಯಲ್ಲಿ ಜಾರಿಯಲ್ಲಿದ್ದ, 1991ರಲ್ಲಿ ಕೇರಳ ಹೈಕೋರ್ಟ್ ಎತ್ತಿಹಿಡಿದ ದೇಗುಲ ಪ್ರವೇಶದ ನಿರ್ಬಂಧ 10ರಿಂದ 50ರ ವಯಸ್ಸಿನ ಹೆಂಗಸರಿಗೆ ಅನ್ವಯಿಸುತ್ತಿತ್ತು. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಿಂದ ಅದನ್ನು ರದ್ದುಪಡಿಸಿತು. 2019ರಲ್ಲಿ ಅದಕ್ಕೆ ಸಂಬಂಧಿಸಿದ ಪ್ರಶ್ನೆಗಳು ದೊಡ್ಡ ಪೀಠಕ್ಕೆ ಹೋದವು. ಅಲ್ಲಿನ ದೇವರು ನೈಷ್ಠಿಕ ಬ್ರಹ್ಮಚಾರಿ, ನಿಯಮ ಹುಟ್ಟಿದ್ದು ಅದರಿಂದ, ಮೈಲಿಗೆಯಿಂದಲ್ಲ ಎಂಬುದು ನಿರ್ಬಂಧದ ಪರವಾಗಿದ್ದವರ ವಾದ. ಆದರೂ ಅರ್ಹತೆಯ ಗೆರೆ ಬಿದ್ದದ್ದು ಮುಟ್ಟಿನ ವಯಸ್ಸಿನ ಮೇಲೆಯೇ. ದೇಹ ಆ ಗೆರೆಗೆ ಕಟ್ಟುಬಿದ್ದಿಲ್ಲ. 42ಕ್ಕೇ ಮುಟ್ಟು ನಿಂತವರಿದ್ದಾರೆ, 53ರಲ್ಲೂ ಆಗುತ್ತಿರುವವರಿದ್ದಾರೆ, ಗರ್ಭಕೋಶ ತೆಗೆಸಿಕೊಂಡು 35ಕ್ಕೇ ಮುಟ್ಟಿಲ್ಲದಾದವರೂ ಇದ್ದಾರೆ.

ಇಸ್ಲಾಮಿನ ಧರ್ಮಶಾಸ್ತ್ರ ಈ ತೊಡಕನ್ನು ಸೂಕ್ಷ್ಮವಾಗಿ ಬಿಡಿಸಲು ನೋಡಿದೆ. ಮುಟ್ಟಿನ ದಿನಗಳಲ್ಲಿ ನಮಾಜು ಇಲ್ಲ, ಆಮೇಲೆ ಅದನ್ನು ತುಂಬಿಕೊಡಬೇಕಾಗಿಯೂ ಇಲ್ಲ. ಬಿಟ್ಟುಹೋದ ಉಪವಾಸವನ್ನು ಮಾತ್ರ ತುಂಬಬೇಕು. ಆದರೆ ಕ್ರಮ ತಪ್ಪಿದ ರಕ್ತಸ್ರಾವವನ್ನು ಅದು ‘ಇಸ್ತಿಹಾಜಾ’ ಎಂದು ಬೇರೆಯಾಗಿಯೇ ಗುರುತಿಸಿ, ಅದು ನಮಾಜಿಗೆ ಅಡ್ಡಿಯಲ್ಲ ಎನ್ನುತ್ತದೆ. ಮುಟ್ಟು ನಿಂತ ವಿಚ್ಛೇದಿತೆ ಮರುಮದುವೆಗೆ ಮುನ್ನ ಕಾಯಬೇಕಾದ ಇದ್ದತ್ ಅವಧಿಯನ್ನು ಮುಟ್ಟುಗಳ ಬದಲು ಮೂರು ತಿಂಗಳಿಂದ ಎಣಿಸುತ್ತದೆ.

ಪೂಜೆ, ಪ್ರಾರ್ಥನೆಗಳಾಚೆ ಮೋಕ್ಷದವರೆಗೂ ಈ ಪ್ರಶ್ನೆ ಹೋದದ್ದು ಜೈನರಲ್ಲಿ. ಹೆಣ್ಣುದೇಹದಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿ ಸಾಯುವುದರಿಂದ ಹಿಂಸೆ ತಪ್ಪದು, ತಿಂಗಳ ಸ್ರಾವದ ಆತಂಕದಿಂದ ಧ್ಯಾನ ನೆಲೆಗೊಳ್ಳದು ಎಂಬ ಕಾರಣಗಳನ್ನೂ ಸೇರಿಸಿ ದಿಗಂಬರರು ಸ್ತ್ರೀಗೆ ಅದೇ ಜನ್ಮದಲ್ಲಿ ಮುಕ್ತಿಯಿಲ್ಲ ಎಂದರು. ಕುಂದಕುಂದರ ಸುತ್ತಪಾಹುಡದಲ್ಲಿ ಈ ನಿಲುವಿದೆ. ಕರ್ನಾಟಕದಲ್ಲಿ ಬಾಳಿ ಮರೆಯಾದ ಯಾಪನೀಯ ಪಂಥ ಇದನ್ನು ಒಪ್ಪಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ವೈಯಾಕರಣ ಶಾಕಟಾಯನನು ‘ಸ್ತ್ರೀನಿರ್ವಾಣ ಪ್ರಕರಣ’ವನ್ನೇ ಬರೆದ. ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರಗಳೇ ಮುಕ್ತಿಗೆ ಕಾರಣ. ಅವು ಹೆಣ್ಣಿಗೆ ಸಾಧ್ಯವಿಲ್ಲವೆನ್ನಲು ಪ್ರಮಾಣವಿಲ್ಲ ಎಂಬುದು ಅವನ ವಾದದ ತಿರುಳು. ಸ್ರಾವವೇ ಅಡ್ಡಿಯೆನ್ನುವ ತರ್ಕ ಮುಟ್ಟು ನಿಂತವಳ ಮುಂದೆ ಇನ್ನೂ ಸಡಿಲವಾಗುತ್ತದೆ. ಕಾರಣ ಹೋದ ಮೇಲೂ ನಿಷೇಧ ಉಳಿದರೆ ಆ ಕಾರಣ ಬರಿಯ ನೆಪವಾಗುತ್ತದೆ.

ಹನ್ನೆರಡನೆಯ ಶತಮಾನದ ಶರಣರ ನಿಲುವು ಇನ್ನೂ ನೇರವಾದದ್ದು. ಜನನ, ಮರಣ, ರಜಸ್ಸು, ಜಾತಿ, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಲಿಂಗಾಯತ ಧರ್ಮ ತಳ್ಳಿಹಾಕಿತು. ಇಷ್ಟಲಿಂಗ ಸದಾ ಮೈಮೇಲಿರುವುದರಿಂದ ತಿಂಗಳಿಗೆ ಮೂರು ದಿನ ದೇವರಿಂದ ದೂರ ಕೂರುವ ಮಾತೇ ಅಲ್ಲಿ ಏಳದು. ಸೂತಕವೇ ಇಲ್ಲದ ಕಡೆ ಮುಟ್ಟು ನಿಂತದ್ದರಿಂದ ಹೊಸದಾಗಿ ಸಿಗುವ ಅಧಿಕಾರವೂ ಇಲ್ಲ. ಇಪ್ಪತ್ತರ ಹೆಣ್ಣಿಗೂ ಅರವತ್ತರ ಹೆಣ್ಣಿಗೂ ಪೂಜೆಯ ಹಕ್ಕು ಒಂದೇ.

ಯಾಸ್ಕನ ನಿರುಕ್ತ ಹೇಳುವ ಆರು ಭಾವವಿಕಾರಗಳು ಇದಕ್ಕೆ ದಾರ್ಶನಿಕ ಆಧಾರ ಒದಗಿಸುತ್ತವೆ: ಹುಟ್ಟುವುದು, ಇರುವುದು, ಬದಲಾಗುವುದು, ಬೆಳೆಯುವುದು, ಕ್ಷಯಿಸುವುದು, ನಾಶವಾಗುವುದು. ಇವು ದೇಹದವು, ಆತ್ಮಕ್ಕೆ ಅಂಟುವುದಿಲ್ಲ ಎಂದು ವೇದಾಂತಿಗಳು ಒತ್ತಿ ಹೇಳಿದ್ದಾರೆ. ಮುಟ್ಟು ತೊಡಗುವುದೂ ನಿಲ್ಲುವುದೂ ಕೂದಲು ನರೆಯುವಂತೆ ಈ ಸಾಲಿಗೇ ಸೇರಿದವು. ನರೆಗೂದಲಿಗೆ ಇಲ್ಲದ ಶುದ್ಧಾಶುದ್ಧಿಯನ್ನು ಇವುಗಳಿಗೆ ಮಾತ್ರ ಹಚ್ಚಲು ಆ ತತ್ತ್ವದಲ್ಲಿ ಎಡೆಯಿಲ್ಲ.

ಆದ್ದರಿಂದ ಮುಟ್ಟು ನಿಂತವಳಿಗೆ ‘ಶುದ್ಧಳಾದೆ’ ಎಂದು ಕೊಡುವ ಗೌರವ ಮುಟ್ಟಾಗುವವಳನ್ನು ಹೊರಗೆ ಕೂರಿಸುವ ತರ್ಕದ್ದೇ ಇನ್ನೊಂದು ಮುಖ. ಆ ಗೌರವದಿಂದ ಅವಳ ಬಿಸಿಯೇರಿಕೆ ತಗ್ಗುವುದಿಲ್ಲ, ನಿದ್ದೆಯೂ ಬರುವುದಿಲ್ಲ. ಆ ಸಂಕಟಗಳು ಪಾಪದ ಫಲವೂ ಅಲ್ಲ, ಸಹಿಸಿ ಗಳಿಸುವ ಪುಣ್ಯವೂ ಅಲ್ಲ. ಅವುಗಳಿಗೆ ಚಿಕಿತ್ಸೆ ಇದೆ. ಒಂದು ವರ್ಷ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಮೈಲಿಗೆಯೆಂದು ಮುಚ್ಚಿಡದೆ ವೈದ್ಯರಿಗೆ ತೋರಿಸಲೇಬೇಕು.